ಸಾವಯವ ತರಕಾರಿ ಗಿಟ್ಟುತ್ತದಾ?

ಬೆಂಗಳೂರಿನ ಸುತ್ತಮುತ್ತ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೈತರು ಹೆಚ್ಚಾಗಿ ಕೇಳುವುದು ಇದನ್ನೇ. ಕೇಳುವಾಗ ಮನಸ್ಸಿನಲ್ಲಿರುವುದು ಸಾವಯವ ಅಂಗಡಿಯ ಬೋರ್ಡಿನಲ್ಲಿ ಕಂಡ ದರ. ಕೊಯ್ದ ಮಾಲಿನಲ್ಲಿ ಎಷ್ಟು ಪಾಲು ಆ ದರಕ್ಕೆ ಹೋಗುತ್ತದೆ ಅನ್ನುವುದರ ಮೇಲೆ ನನ್ನ ಉತ್ತರ ನಿಂತಿದೆ.

ಲೆಕ್ಕ ಹಾಕಿ ನೋಡಿ. ದರಗಳು ಬರೀ ಉದಾಹರಣೆಗೆ. 100 ಕಿಲೋ ಬೀನ್ಸ್ ಬಂತು. ಸಾವಯವ ಅಂಗಡಿಯವರು 60 ಕಿಲೋ ಆರಿಸಿಕೊಂಡು ಕಿಲೋಗೆ 50 ರೂಪಾಯಿ ಕೊಟ್ಟರು. 30 ಕಿಲೋ ಮಂಡಿಯಲ್ಲಿ 25ಕ್ಕೆ ಹೋಯಿತು, 10 ಕಿಲೋ ಹಸುವಿಗೆ. ಒಟ್ಟು 3750. ಔಷಧಿ ಹೊಡೆದ ಪಕ್ಕದ ಹೊಲದಲ್ಲಿ 130 ಕಿಲೋ ಬಂದು ಎಲ್ಲ ಮಂಡಿಗೇ ಹೋದರೆ 3250. ಅದೇ ಅಂಗಡಿಯವರು 30 ಕಿಲೋ ಮಾತ್ರ ತೆಗೆದುಕೊಂಡು 60 ಕಿಲೋ ಮಂಡಿಗೆ ಹೋದರೆ ನಿಮಗೆ ಸಿಗುವುದು 3000. ಕಳೆ ಕೀಳುವ ಕೂಲಿ ಬೇರೆ.

ಹಾಗಾಗಿ ಬಿತ್ತುವ ಮೊದಲೇ ಮಾತಾಡಿಕೊಳ್ಳಿ: ವಾರಕ್ಕೆ ಎಷ್ಟು ಕಿಲೋ, ಯಾವ ಸೈಜು, ದುಡ್ಡು ಎಷ್ಟು ದಿನಕ್ಕೆ, ಉಳಿದ ಮಾಲು ಯಾರ ತಲೆಗೆ. ಅಂಗಡಿಗೆ ಹತ್ತು ಬಗೆ, ಸ್ವಲ್ಪ ಸ್ವಲ್ಪ ಬೇಕು. ನಾವು ಒಂದೇ ಸಲಕ್ಕೆ ಎಕರೆ ತುಂಬ ಟೊಮೆಟೊ ಹಾಕುತ್ತೇವೆ! ಮೊದಲು 10 ಗುಂಟೆಯಲ್ಲಿ ಕೊತ್ತಂಬರಿ, ಮೆಂತ್ಯ, ದಂಟು, ಮೂಲಂಗಿ ಸಾಕು. ವಾರಕ್ಕೊಂದು ಮಡಿ ಬಿತ್ತಿದರೆ ವಾರವಾರ ಕೊಯ್ಲು ಬರುತ್ತದೆ, ಕೆಟ್ಟರೂ ಒಂದು ಮಡಿ ಕೆಡುತ್ತದೆ.

ಟೊಮೆಟೊ, ಬದನೆ ಆಮೇಲೆ. ಬೇಸಿಗೆಯಲ್ಲಿ ಬಿಳಿನೊಣ ತರುವ ಎಲೆ ಮುದುಡು ರೋಗ ಒಮ್ಮೆ ಹತ್ತಿದ ಟೊಮೆಟೊ ಗಿಡಕ್ಕೆ ಮದ್ದಿಲ್ಲ. ಸಸಿಯನ್ನು ನೈಲಾನ್ ಪರದೆಯೊಳಗೇ ಬೆಳೆಸಬೇಕು. ಬದನೆಯಲ್ಲಿ ಕುಡಿ, ಕಾಯಿ ಕೊರೆಯುವ ಹುಳದಿಂದ ಬಾಡಿದ ಕುಡಿಗಳನ್ನು ವಾರವಾರ ಕತ್ತರಿಸಿ ಸುಡಿ, ಅದರ ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ. 5 ಕಿಲೋ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿ ಸಂಜೆ ಸಿಂಪಡಿಸಿ. ಕಾಯಿಯೊಳಗೆ ಸೇರಿದ ಹುಳಕ್ಕೆ ಅದು ತಾಗುವುದಿಲ್ಲ.

ಇನ್ನು ಸಾವಯವ ಅಂತ ಮಾರಲು ಕೇಳುವ ಸರ್ಟಿಫಿಕೇಟು. 2017ರ ಆಹಾರ ಸುರಕ್ಷತಾ ನಿಯಮದಂತೆ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟಿರುವ ಸಣ್ಣ ಬೆಳೆಗಾರ ಗ್ರಾಹಕರಿಗೇ ನೇರವಾಗಿ ಮಾರಿದರೆ ಅದು ಬೇಕಿಲ್ಲ. ಅಂಗಡಿಗೆ ಹಾಕುವುದಾದರೆ ಬೇಕು. ಅಕ್ಕಪಕ್ಕದ ಕನಿಷ್ಠ ಐವರು ರೈತರು ಸೇರಿದರೆ ಒಬ್ಬರ ಹೊಲವನ್ನು ಇನ್ನೊಬ್ಬರು ತಪಾಸಣೆ ಮಾಡುವ ಪಿಜಿಎಸ್ (ಸಹಭಾಗಿತ್ವದ ಖಾತರಿ ವ್ಯವಸ್ಥೆ) ಅಗ್ಗದ ದಾರಿ. ರಫ್ತಿಗೆ ಒಪ್ಪುವ, ಕೇಂದ್ರ ಸರ್ಕಾರದ ಸಾವಯವ ಪ್ರಮಾಣೀಕರಣ ಯೋಜನೆಯಾದ ಎನ್‌ಪಿಒಪಿಯಲ್ಲಿ ತರಕಾರಿಯಂಥ ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ ಪರಿವರ್ತನೆಯ ಅವಧಿ, ಅಂದರೆ ರಾಸಾಯನಿಕ ಬಿಟ್ಟು ಕಾಯುವ ಕಾಲ. ಇಳುವರಿ ಇಳಿಯುವುದೂ ಆಗಲೇ, ಪೂರ್ತಿ ಸಾವಯವ ದರ ಸಿಗದಿರುವುದೂ ಆಗಲೇ. ಆ ಎರಡು ವರ್ಷಕ್ಕೆ ಸಾಲ ಮಾಡಬೇಡಿ, ಜಮೀನಿನ ಒಂದು ಭಾಗವನ್ನಷ್ಟೇ ಬದಲಿಸಿ. ಪಕ್ಕದ ಹೊಲದ ಸಿಂಪಡಣೆ ಗಾಳಿಗೆ ಹಾರಿ ಬಂದರೆ ಪರೀಕ್ಷೆಯಲ್ಲಿ ನಿಮ್ಮ ಮಾಲೇ ಬೀಳುತ್ತದೆ. ಆ ಬದುವಿನಲ್ಲಿ ಮೂರ್ನಾಲ್ಕು ಸಾಲು ಜೋಳ ಹಾಕಿ, ಆ ಸಾಲನ್ನು ಸಾವಯವ ಅಂತ ಮಾರಬೇಡಿ.