ಕಾರ್ಪ್ ಕೊನೆಗೆ ಕಪ್ ಗೆದ್ದಿದ್ದು ಯಾವಾಗ ಅಂತ ಕೇಳುವವರಿಗೆ

ನಾನು ಜಪಾನಿನ ಬೇಸ್‌ಬಾಲ್ ತಂಡ ಹಿರೋಶಿಮಾ ಕಾರ್ಪ್‌ನ ಅಭಿಮಾನಿ ಅಂದ ಕೂಡಲೇ ಬರುವ ಪ್ರಶ್ನೆ ಇದು. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. 1984. ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇರುವುದು ಹನ್ನೆರಡು ತಂಡ. ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಜಪಾನ್ ಸೀರೀಸ್‌ಗಾಗಿ ನಮ್ಮಷ್ಟು ಕಾಲದಿಂದ ಕಾಯುತ್ತಿರುವವರು ಬೇರೆ ಯಾರೂ ಇಲ್ಲ. 2016ರಿಂದ 2018ರವರೆಗೆ ಸತತ ಮೂರು ವರ್ಷ ಸೆಂಟ್ರಲ್ ಲೀಗ್, ಅಂದರೆ ಹನ್ನೆರಡರಲ್ಲಿ ಆರು ತಂಡಗಳಿರುವ ನಮ್ಮ ಗುಂಪನ್ನು, ಗೆದ್ದೆವು. ಆಗಲೂ ಸೀರೀಸ್ ಕೈಗೆ ಸಿಗಲಿಲ್ಲ.

ಆಯ್ತಾ? ಸಿಕ್ಕಿತಲ್ಲ ಉತ್ತರ.

ಸಿಟ್ಟು ಬರುವುದು ಮುಂದಿನ ಮಾತಿಗೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು, "ಹಾಗಾದ್ರೆ ಸುಮ್ನೆ ಟೋಕಿಯೊ ಜೈಂಟ್ಸ್ ಹಿಡಿಬಾರದಾ? ಅವರು ಜಾಸ್ತಿ ಗೆಲ್ತಾರಂತಲ್ಲ" ಅಂದರು. ತರಕಾರಿ ಅಂಗಡಿ ಬದಲಾಯಿಸಿದ ಹಾಗೆ! ಇನ್ನೊಬ್ಬರಿಗೆ ಈಗ ಅಮೆರಿಕದಲ್ಲಿ ಆಡುವ ಬೇಸ್‌ಬಾಲ್ ತಾರೆ ಓತಾನಿ ನಮ್ಮ ತಂಡದವರಾ ಅಂತ ಅನುಮಾನ. ಅಲ್ಲ ಸ್ವಾಮಿ, ಅಮೆರಿಕಕ್ಕೆ ಹೋಗುವ ಮುಂಚೆ ಅವರು ಆಡಿದ್ದು ನಿಪ್ಪಾನ್ ಹ್ಯಾಮ್ ಫೈಟರ್ಸ್‌ಗೆ.

ಈ ತಂಡ ಹುಟ್ಟಿದ ಕತೆ ಗೊತ್ತಿದ್ದರೆ ಯಾರೂ ಹೀಗೆ ಕೇಳುವುದಿಲ್ಲ. 1945ರ ಆಗಸ್ಟ್ 6ರಂದು ಊರಿನ ಮೇಲೆ ಅಣುಬಾಂಬ್ ಬಿತ್ತು. 1949ರ ಕೊನೆಗೆ ಅದೇ ಊರಿನವರು ತಂಡ ಕಟ್ಟಿದರು. ಬೇರೆ ತಂಡಗಳ ಬೆನ್ನಿಗೆ ಪತ್ರಿಕೆ, ರೈಲು, ಸಿನಿಮಾ ಕಂಪನಿಗಳಿದ್ದವು. ಕಾರ್ಪ್‌ಗೆ ಅಂಥ ದೊಡ್ಡ ಮಾಲೀಕರು ಯಾರೂ ಇರಲಿಲ್ಲ. 1951ರಲ್ಲಿ ಸಂಬಳಕ್ಕೂ ದುಡ್ಡಿಲ್ಲದೆ, ಇನ್ನೊಂದು ತಂಡದ ಜೊತೆ ಸೇರಿಸಿಬಿಡೋಣ ಅನ್ನುವ ಮಾತು ಬಂತು. ಮ್ಯಾನೇಜರ್ ಇಶಿಮೊಟೊ ಶುಯಿಚಿ ಜನರ ಮುಂದೆ ನಿಂತು ಸಹಾಯ ಕೇಳಿದರು. ಮೈದಾನದ ಬಾಗಿಲಲ್ಲಿ ಮರದ ಪೀಪಾಯಿ ಇಟ್ಟರು. ಊರನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದ ಜನ ತಮ್ಮ ಹತ್ತಿರವಿದ್ದ ಚಿಲ್ಲರೆಯನ್ನು ಅದಕ್ಕೆ ಹಾಕಿದರು. ತಂಡ ಉಳಿಯಿತು. ಮೊದಲ ಲೀಗ್ ಪ್ರಶಸ್ತಿ ಬಂದಿದ್ದು 1975ರಲ್ಲಿ! ಅಷ್ಟು ವರ್ಷ ಬಿಡದೆ ಕಾದವರ ಮುಂದೆ ನಮ್ಮ ಕಾಯುವಿಕೆ ಯಾವ ಲೆಕ್ಕ?

ಕಪ್ ವಿಷಯ ಬಿಟ್ಟು ಯಾರಾದರೂ ನಮ್ಮ ಕಾರ್ಪ್ ಆಟಗಾರ ಕಿನುಗಾಸಾ ಸಚಿಯೊ ಬಗ್ಗೆ ಕೇಳಬಾರದಾ ಅಂತ ನನಗೆ ಆಸೆ. 1979ರ ಆಗಸ್ಟ್ 1ರಂದು ಜೈಂಟ್ಸ್ ಪಿಚರ್ ನಿಶಿಮೊಟೊ ಎಸೆದ ಚೆಂಡು ಬಡಿದು ಅವರ ಎಡ ಭುಜದ ಹಿಂದಿನ ಮೂಳೆ ಮುರಿಯಿತು. 1970ರಿಂದ ಒಂದು ಪಂದ್ಯವನ್ನೂ ತಪ್ಪಿಸದ ಮನುಷ್ಯ. ಅಲ್ಲಿಗೆ ಮುಗಿಯಿತು ಅಂದುಕೊಂಡರು ಎಲ್ಲರೂ. ಮರುದಿನ ಪಿಂಚ್ ಹಿಟರ್ ಆಗಿ, ಅಂದರೆ ಇನ್ನೊಬ್ಬರ ಬದಲಿಗೆ ಬ್ಯಾಟ್ ಹಿಡಿದು, ಇಳಿದರು! ಎದುರಿಗೆ ವೇಗದ ಪಿಚರ್ ಎಗಾವಾ. ದಾಖಲೆಯೊಂದೇ ಬೇಕಿದ್ದರೆ ಬ್ಯಾಟ್ ಹಿಡಿದು ನಿಂತು ಬಂದರೂ ಸಾಕಿತ್ತು. ಆದರೆ ಮೂರು ಎಸೆತಕ್ಕೂ ಮೈಯೆಲ್ಲ ತಿರುಗಿಸಿ ಬೀಸಿದರು. ಒಂದೂ ತಾಗಲಿಲ್ಲ. ಬೇಸ್‌ಬಾಲ್‌ನಲ್ಲಿ ಮೂರು ಸಲ ಬೀಸಿ ತಪ್ಪಿದರೆ ಔಟ್. ಮೊದಲನೆಯದು ಅಭಿಮಾನಿಗಳಿಗೆ, ಎರಡನೆಯದು ನನಗೆ, ಮೂರನೆಯದು ನಿಶಿಮೊಟೊಗೆ ಅಂತ ಆಮೇಲೆ ಹೇಳಿದರು.

ತನ್ನ ಮೂಳೆ ಮುರಿದವರಿಗೆ! ನಿಶಿಮೊಟೊ ಅದನ್ನೇ ನೆನೆದು ಕೊರಗಬಾರದು ಅಂತ ಬೀಸಿದರು ಅನ್ನುವುದು ನನ್ನ ನಂಬಿಕೆ. ಕಿನುಗಾಸಾ 1987ರವರೆಗೂ ಹಾಗೇ ಬಿಡದೆ ಆಡಿದರು. ಸತತ 2,215 ಪಂದ್ಯ. ಹಿಂದಿನ ಕಾಲದ ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ಗೆರಿಗ್ ನಿಂತಿದ್ದು 2,130ಕ್ಕೆ. ಮುರಿದ ಮೂಳೆಯವರನ್ನು ಮೈದಾನಕ್ಕೆ ಇಳಿಸಿದ್ದು ಸರಿನಾ ಅಂತ ಬೇಕಾದರೆ ಕೇಳಿ. ತಪ್ಪು ಅಂತಲೇ ಹೇಳುತ್ತೇನೆ. ಆದರೂ ಆ ಮೂರನೇ ಸಲ ಬೀಸಿದ್ದರ ಬಗ್ಗೆ ಮಾತಾಡೋಕೆ ಎಷ್ಟು ಹೊತ್ತಾದರೂ ಕೂರುತ್ತೇನೆ.