ಶ್ರೀಲಂಕಾ ನಮ್ಮೂರಿನ ಹಾಗೇ ಉಂಟು, ಅದಕ್ಕೇ ಹುಷಾರಾಗಿರಿ

ಶ್ರೀಲಂಕಾಕ್ಕೆ ಹೋಗಿ ಬಂದೆವು ಅಂದ ಕೂಡಲೇ ಮಂಗಳೂರಿನಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯಿತು? ಅಲ್ಲಿ ಈಗ ಸೇಫಾ? ಖರ್ಚು ಅವರವರ ಕೈಗೆ ಬಿಟ್ಟದ್ದು. ಸೇಫಾ ಅಂತ ಕೇಳಿದರೆ, ಹೌದು. 2022ರಲ್ಲಿ ಟಿವಿಯಲ್ಲಿ ನೋಡಿದ ಪೆಟ್ರೋಲ್ ಕ್ಯೂ, ಗಲಾಟೆ ಯಾವುದೂ ನಾವು ಹೋದಾಗ ಇರಲಿಲ್ಲ. ಜನ ಮೆತ್ತಗೆ ಮಾತಾಡುವವರು. ದಾರಿ ಕೇಳಿದರೆ ಜೊತೆಗೇ ಬಂದು ತೋರಿಸುತ್ತಾರೆ.

ಅಲ್ಲಿ ಭಯ ಪಡಬೇಕಾದ್ದು ಮಳೆ, ಕಡಲು, ಘಟ್ಟ, ರಸ್ತೆ ಇವುಗಳಿಗೆ. ಈ ನಾಲ್ಕೂ ನಮಗೆ ಹುಟ್ಟಿದಾಗಿನಿಂದ ಗೊತ್ತು. ತೊಂದರೆ ಇರುವುದೇ ಅಲ್ಲಿ. ತೆಂಗಿನ ತೋಟ, ಹಂಚಿನ ಮಾಡು, ಕೆಂಪಕ್ಕಿ ಅನ್ನ, ಕಾಯಿ ಹಾಲು ಹಾಕಿದ ಮೀನಿನ ಸಾರು ಎಲ್ಲ ನೋಡಿ ನಮ್ಮ ಚಿಕ್ಕಮ್ಮ ಕೊಲಂಬೊ ದಾಟುವ ಮೊದಲೇ "ಇದು ನಮ್ಮ ಮೂಲ್ಕಿಯ ಹಾಗೇ ಉಂಟಲ್ವಾ" ಅಂದರು. ದೆಹಲಿಯಿಂದ ಬಂದವನು ಕಡಲು ಕಂಡರೆ ಸ್ವಲ್ಪ ಹಿಂದೆ ನಿಲ್ಲುತ್ತಾನೆ. ಪಣಂಬೂರು, ಮಲ್ಪೆ ನೋಡಿ ಬೆಳೆದವ ಪ್ಯಾಂಟ್ ಮಡಚಿಕೊಂಡು ಸೀದಾ ಇಳಿಯುತ್ತಾನೆ.

ಟಿಕೆಟ್ ಮಾಡುವ ಮೊದಲು ತಿಂಗಳು ನೋಡಿ. ಇಷ್ಟು ಸಣ್ಣ ದೇಶಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮಗೆ ಸುರಿಯುವ ಅದೇ ಮುಂಗಾರು ಕೊಲಂಬೊ, ಬೆಂಟೋಟ, ಗಾಲ್, ಮಿರಿಸ್ಸಾ ಕಡೆಗೂ ಸುರಿಯುತ್ತದೆ. ಆಗ ಪೂರ್ವದ ಟ್ರಿಂಕೋಮಲಿ, ಅರುಗಂ ಬೇ ಕಡೆ ಒಳ್ಳೆ ಬಿಸಿಲು, ಟ್ರಿಂಕೋಮಲಿಯಲ್ಲಿ ಕಡಲೂ ಶಾಂತ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪೂರ್ವಕ್ಕೆ ಮಳೆ, ಪಶ್ಚಿಮ ಮತ್ತು ದಕ್ಷಿಣದ ಬೀಚುಗಳಿಗೆ ಸೀಸನ್. ಜುಲೈಯಲ್ಲಿ ಆಫರ್ ಉಂಟು ಅಂತ ಬೆಂಟೋಟದಲ್ಲಿ ರೂಮ್ ಮಾಡಿದರೆ ಮನೆಯಲ್ಲೇ ಕೂತು ನೋಡಬಹುದಾದ ಮಳೆಯನ್ನು ದುಡ್ಡು ಕೊಟ್ಟು ನೋಡಿದ ಹಾಗಾಯಿತು.

ಅಕ್ಟೋಬರ್, ನವೆಂಬರ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ದಸರಾ ರಜೆ, ದೀಪಾವಳಿ ರಜೆ ಅಂತ ನಮ್ಮವರು ಹೊರಡುವುದು ಆಗಲೇ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಸಮಯ ಅದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಅಲ್ಲಿ 600ಕ್ಕೂ ಹೆಚ್ಚು ಜನ ತೀರಿಹೋದರು. ಕ್ಯಾಂಡಿ, ನುವರ ಎಲಿಯ, ಬದುಲ್ಲ ಜಿಲ್ಲೆಗಳಲ್ಲಿ ಗುಡ್ಡ ಕುಸಿದು ಮನೆಗಳೇ ಹೂತುಹೋದವು, ರೈಲು ಹಳಿ ಕಿತ್ತುಹೋಯಿತು. ಆ ತಿಂಗಳುಗಳಲ್ಲೇ ಹೋಗಬೇಕು ಅಂತಿದ್ದರೆ ದುಡ್ಡು ವಾಪಸ್ ಸಿಗುವ ರೂಮನ್ನೇ ಬುಕ್ ಮಾಡಿ, ಬೆಟ್ಟದ ಭಾಗವನ್ನು ಬಿಟ್ಟರೂ ಪ್ರವಾಸ ನಡೆಯುವ ಹಾಗೆ ಪ್ಲಾನ್ ಇಟ್ಟುಕೊಳ್ಳಿ. ಅಲ್ಲಿ ಭೂಕುಸಿತದ ಮುನ್ನೆಚ್ಚರಿಕೆ ಕೊಡುವುದು ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಹೆಸರು ಕೇಳಿದರೆ ಸಿಮೆಂಟ್ ಪರೀಕ್ಷೆ ಮಾಡುವವರ ಹಾಗೆ ಅನ್ನಿಸುತ್ತದೆ, ಆದರೆ ತಾಲೂಕು ಮಟ್ಟದವರೆಗೂ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಹೊರಡಿಸುವವರು ಅವರೇ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಹೊರಡಲು ತಯಾರಿರಿ, ಕೆಂಪು ಅಂದರೆ ಜಾಗ ಖಾಲಿ ಮಾಡಿ. ನಾವಿದ್ದ ಹೋಂಸ್ಟೇಯ ಯಜಮಾನ ಬೆಳಿಗ್ಗೆ ಚಹಾ ಕೊಡುವಾಗಲೇ ಫೋನ್ ತೆಗೆದು ಇದನ್ನು ನೋಡುತ್ತಿದ್ದ. ನೀವೂ ನೋಡಿ, ಅಥವಾ ಅಂಥವರನ್ನು ಕೇಳಿ.

ಏಪ್ರಿಲ್ ರಜೆಯಲ್ಲಿ ಹೋಗುವವರು ಇನ್ನೊಂದು ನೆನಪಿಡಿ. ನಮ್ಮ ಬಿಸು ಪರ್ಬದ ಹೊತ್ತಿಗೇ, 13-14ರಂದು, ಅಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ, ಹೋಟೆಲು ಬಾಗಿಲು ಹಾಕುತ್ತವೆ, ಚಾಲಕರು ಊರಿಗೆ ಹೋಗುತ್ತಾರೆ, ಬಸ್ಸು ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನುವರ ಎಲಿಯದಲ್ಲಂತೂ ರೂಮಿನ ದರ ಕೇಳಿಯೇ ಚಳಿ ಹಿಡಿಯುತ್ತದೆ.

ಈಗ ಕಡಲಿನ ವಿಷಯ. ಮಿರಿಸ್ಸಾದಲ್ಲಿ ನನ್ನ ಬಾವ ನೀರಿಗಿಳಿಯಲು ಒಂದು ಜಾಗ ಹುಡುಕಿದ್ದ. ಎರಡೂ ಬದಿ ಅಲೆ ಜೋರು, ನಡುವೆ ಒಂದು ಪಟ್ಟಿ ಮಾತ್ರ ಶಾಂತ. "ಇಲ್ಲಿ ಆರಾಮ, ಅಲೆಯೇ ಇಲ್ಲ" ಅಂತ ಅವನು ಹೊರಟಾಗ ಜೀವರಕ್ಷಕ ಸೀಟಿ ಊದಿಕೊಂಡು ಓಡಿ ಬಂದ. ಒಂದು ತೆಂಗಿನ ಸಿಪ್ಪೆ ಹೆಕ್ಕಿ ಆ ಶಾಂತ ಪಟ್ಟಿಗೆ ಎಸೆದ. ಸಿಪ್ಪೆ ದಡಕ್ಕೆ ಬರಲಿಲ್ಲ. ನಾವು ನೋಡುತ್ತಿದ್ದ ಹಾಗೇ ಸುಮ್ನೆ ತೇಲಿಕೊಂಡು ಆಳದ ಕಡೆಗೆ ಹೋಯಿತು. ಅಲೆಗಳು ದಡಕ್ಕೆ ತಂದು ಹಾಕಿದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಅಲ್ಲಿ ಅಲೆ ಒಡೆಯುವುದಿಲ್ಲ, ಹಾಗಾಗಿ ಶಾಂತವಾಗಿ ಕಾಣುತ್ತದೆ. ನೀರಿನ ಬಣ್ಣ ಸ್ವಲ್ಪ ಕಪ್ಪು, ನೊರೆ ಹೊರಗೆ ಹರಿಯುತ್ತಿರುತ್ತದೆ. ಸುರತ್ಕಲ್, ಸೋಮೇಶ್ವರದಲ್ಲಿ ಜನರನ್ನು ಎಳೆದುಕೊಂಡು ಹೋಗುವುದೂ ಇಂಥ ಸೆಳೆತವೇ.

ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ಹೋರಾಡಬೇಡಿ. ಎಂಥ ಈಜುಗಾರನೂ ಸೋಲುತ್ತಾನೆ. ಮೊದಲು ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಕೈ ಎತ್ತಿ ಕರೆಯಿರಿ. ಆಗುವುದಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ಅರ್ಧ ಕೆಂಪು ಅರ್ಧ ಹಳದಿಯ ಎರಡು ಬಾವುಟ ನೆಟ್ಟಿದ್ದರೆ ಅವೆರಡರ ನಡುವೆ ಮಾತ್ರ. ಹೋಟೆಲಿನ ಎದುರಿಗೆ ಕಡಲು ಉಂಟು ಅಂದ ಮಾತ್ರಕ್ಕೆ ಅಲ್ಲಿ ಕಾವಲು ಉಂಟು ಅಂತ ಅಲ್ಲ. ಸಂಜೆ ಗಮ್ಮತ್ತು ಮಾಡಿದ ಮೇಲಂತೂ ನೀರಿನ ಹತ್ತಿರವೂ ಬೇಡ ಮಾರಾಯ್ರೇ.

ದಕ್ಷಿಣ ಕರಾವಳಿಯ ರಸ್ತೆಯಲ್ಲಿ ಸುನಾಮಿ ಬಂದರೆ ಯಾವ ಕಡೆ ಓಡಬೇಕು ಎಂದು ಬಾಣ ಹಾಕಿದ ಬೋರ್ಡುಗಳು ಕಾಣುತ್ತವೆ. ರೂಮಿಗೆ ಹೋದ ದಿನವೇ ಹತ್ತಿರದ ಬೋರ್ಡ್ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. 2004ರ ಡಿಸೆಂಬರ್ 26ರಂದು ಹಿಕ್ಕಡುವ ಹತ್ತಿರದ ಪೆರಲಿಯದಲ್ಲಿ ಒಂದು ಇಡೀ ರೈಲು ಅಲೆಗೆ ಸಿಕ್ಕಿ, ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೊದಲ ಅಲೆ ಬಂದು ರೈಲು ನಿಂತಾಗ ರೈಲೇ ಗಟ್ಟಿ ಅಂತ ಊರಿನವರೂ ಹತ್ತಿಕೊಂಡಿದ್ದರಂತೆ. ಅಲೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕಡಲು ಇದ್ದಕ್ಕಿದ್ದ ಹಾಗೆ ಹಿಂದೆ ಸರಿದರೆ ಮೊಬೈಲ್ ತೆಗೆಯಬೇಡಿ, ಎತ್ತರಕ್ಕೆ ಹೋಗಿ, ಅಧಿಕಾರಿಗಳು ಹೇಳುವವರೆಗೆ ಇಳಿಯಬೇಡಿ.

ಕ್ಯಾಂಡಿಯಿಂದ ಬದುಲ್ಲ ಕಡೆಗಿನ ಬೆಟ್ಟದ ರೈಲು ಚೆಂದವೇ. ಚಹಾ ತೋಟ, ಮಂಜು, ದೆಮೋದರ ಹತ್ತಿರದ ಒಂಬತ್ತು ಕಮಾನಿನ ಸೇತುವೆ. ಹೊರಡುವ ವಾರ ಆ ದಾರಿ ಪೂರ್ತಿ ಓಡುತ್ತಿದೆಯಾ ಅಂತ ಕೇಳಿಕೊಳ್ಳಿ. ಸೀಟು ಮೊದಲೇ ಕಾದಿರಿಸಿ. ಬಾಗಿಲಲ್ಲಿ ನೇತಾಡಿ ಫೋಟೋ ತೆಗೆಸುವ ಹುಚ್ಚು ಅಲ್ಲಿ ವಿಪರೀತ, ಹಾಗೆ ಬಿದ್ದು ಸತ್ತ ಪ್ರವಾಸಿಗರೂ ಇದ್ದಾರೆ. ಸುರಂಗದ ಗೋಡೆ, ಸಿಗ್ನಲ್ ಕಂಬ ರೈಲಿಗೆ ಎಷ್ಟು ಹತ್ತಿರ ಅಂದರೆ ನಮ್ಮ ಎದುರಿಗಿದ್ದ ಒಬ್ಬನ ಟೋಪಿಯನ್ನು ಒಂದು ಮರದ ಕೊಂಬೆ ಹೊಡೆದು ಒಯ್ದಿತು. ಒಂದು ಬೆರಳಿನಷ್ಟು ಆಚೆ ಈಚೆ ಆಗಿದ್ದರೆ ತಲೆ. ಅವನ ಹೆಂಡತಿ ಆಮೇಲೆ ದಾರಿಯುದ್ದಕ್ಕೂ ಅವನ ಅಂಗಿ ಬಿಡಲಿಲ್ಲ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಹೋದವರಿಗೆ ಕಿಟಕಿಯಿಂದ ನೋಡಿದರೂ ಸಾಕಾಗುತ್ತದೆ ಅಂತ ಗೊತ್ತಿರಬೇಕು.

ರಸ್ತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಚಾಲಕ ಸಮೇತ ಕಾರು ತೆಗೆದುಕೊಳ್ಳಿ. ನಮ್ಮ ಹಾಗೆ ಎಡಗಡೆಯ ಸಂಚಾರ ಅಂತ ಸ್ಕೂಟರ್, ಆಟೋ ಬಾಡಿಗೆಗೆ ಹಿಡಿಯುವವರು ಬಹಳ. ಆದರೆ ನಮ್ಮ ಲೈಸೆನ್ಸ್ ಅಲ್ಲಿ ಹಾಗೇ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಪರ್ಮಿಟ್ ಇದ್ದರೂ ಅಲ್ಲಿನ ಮುದ್ರೆ ಹಾಕಿಸಬೇಕು. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಖಾಸಗಿ ಬಸ್ಸುಗಳ ಓಟ ನಮ್ಮ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನವರಿಗೇ ಪಾಠ ಹೇಳುವಂತಿದೆ. 2025ರ ಮೇಯಲ್ಲಿ ಕೊತ್ಮಲೆ ಹತ್ತಿರ ಬಸ್ಸು ಕಂದಕಕ್ಕೆ ಬಿದ್ದು 20ಕ್ಕೂ ಹೆಚ್ಚು ಜನ ಹೋದರು. ಘಟ್ಟದಲ್ಲಿ ರಾತ್ರಿ ಪ್ರಯಾಣ ಬೇಡ. ಹಬರಣ, ಬುತ್ತಲ ಕಡೆ ಸಂಜೆಯ ಮೇಲೆ ಆನೆ ರಸ್ತೆಗೆ ಬರುತ್ತದೆ. ಕಿಟಕಿ ಇಳಿಸಿ ಬಾಳೆಹಣ್ಣು ಕೊಡುವವರನ್ನು ಕಂಡೆವು. ನಮ್ಮ ಚಾಲಕ ಅದನ್ನು ನೋಡಿ ತಲೆ ಚಚ್ಚಿಕೊಂಡ. ತಿನ್ನುವ ರುಚಿ ಹತ್ತಿದ ಆನೆ ಮುಂದಿನ ಕಾರನ್ನು ಸುಮ್ಮನೆ ಬಿಡುವುದಿಲ್ಲ. ಪೇಟೆಯಲ್ಲಿ ಪಿಕ್‌ಮಿ ಆ್ಯಪ್ ಹಾಕಿಕೊಂಡರೆ ಆಟೋ ಚೌಕಾಸಿ ತಪ್ಪುತ್ತದೆ.

ಸಿಗಿರಿಯದಲ್ಲಿ ಹತ್ತಿರ ಹತ್ತಿರ 1,200 ಮೆಟ್ಟಿಲು. ಬಿಸಿಲೇರುವ ಮೊದಲು ಹತ್ತಿ. ಆದರೆ ಅಲ್ಲಿ ಮುಖ್ಯವಾದ್ದು ಹೆಜ್ಜೇನು. ಬಂಡೆಯ ಬದಿಯಲ್ಲಿ ದೊಡ್ಡ ದೊಡ್ಡ ಗೂಡು ನೇತಾಡುತ್ತವೆ, ಗದ್ದಲ ಮಾಡಬೇಡಿ ಅಂತ ಬೋರ್ಡು ಉಂಟು. ನಮ್ಮ ಹಿಂದಿನ ಗುಂಪು ಕೂಗಾಡಲು ಶುರು ಮಾಡಿದಾಗ ಕಾವಲುಗಾರ ಮಾತಾಡಲೇ ಇಲ್ಲ, ಬೆರಳಿನಿಂದ ಮೇಲೆ ಗೂಡು ತೋರಿಸಿದ. ಗುಂಪು ತಕ್ಷಣ ಗಪ್ ಚುಪ್. ಸೆಂಟು ಜಾಸ್ತಿ ಹಾಕಬೇಡಿ, ಹೆಜ್ಜೇನು ಎದ್ದರೆ ಕೈ ಬೀಸಬೇಡಿ. ಮಂಗಗಳಿಂದ ತಿಂಡಿ ಅಡಗಿಸಿಡಿ. ಸಿಂಹರಾಜ ಕಾಡಿಗೆ ಹೋಗುವವರಿಗೆ ಇಂಬಳದ ಬಗ್ಗೆ ಆಗುಂಬೆ ಕಡೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಮಲೇರಿಯಾ ಅಲ್ಲಿ ಇಲ್ಲ, 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿದೆ. ಡೆಂಗಿ ಮಾತ್ರ ಉಂಟು, ಕೊಲಂಬೊ ಸುತ್ತ ಜಾಸ್ತಿ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುವುದು, ಹಾಗಾಗಿ ಓಡೊಮಾಸ್ ಬೆಳಿಗ್ಗೆಯೂ ಹಚ್ಚಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಿ, ಬ್ರೂಫೆನ್ ಆಸ್ಪಿರಿನ್ ಬೇಡ, ಡಾಕ್ಟರಿಗೆ ತೋರಿಸಿ. ಪ್ರಯಾಣ ವಿಮೆ ಖಂಡಿತ ಮಾಡಿಸಿ. ಖಾಸಗಿ ಆಸ್ಪತ್ರೆಯವರು ಮೊದಲು ಡಿಪಾಸಿಟ್ ಕೇಳಬಹುದು. 1990ಕ್ಕೆ ಕರೆ ಮಾಡಿದರೆ ಬರುವ ಸುವ ಸೇರಿಯ ಆಂಬುಲೆನ್ಸ್ ಉಚಿತ. 2016ರಲ್ಲಿ ಭಾರತದ ನೆರವಿನಿಂದ ಶುರುವಾದದ್ದು. ಪೊಲೀಸರಿಗೆ 119, ವಿಪತ್ತು ನಿರ್ವಹಣಾ ಕೇಂದ್ರಕ್ಕೆ 117, ಪ್ರವಾಸೋದ್ಯಮ ಇಲಾಖೆಯ ಸಹಾಯವಾಣಿ 1912. ಫೋನಿನಲ್ಲಿ ಮಾತ್ರ ಅಲ್ಲ, ಒಂದು ಚೀಟಿಯಲ್ಲಿ ಬರೆದು ಹಿರಿಯರ ಪರ್ಸಿನಲ್ಲಿಡಿ. ಬ್ಯಾಟರಿ ಸತ್ತಾಗಲೇ ಇವೆಲ್ಲ ಬೇಕಾಗುವುದು.

ಉಡುಪಿಯ ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು. ತೆಂಗಿನಕಾಯಿಯ ಕೆಂಪು ಚಟ್ನಿ ಕಂಡು ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ಪೊಲ್ ಸಂಬೋಲ್ ಅನ್ನುವ ಅದಕ್ಕೆ ಒಣ ಮೀನಿನ ಪುಡಿ ಹಾಕುವುದು ಸಾಮಾನ್ಯ. ಉಂಬಲಕಡ, ಅಂದರೆ ಆ ಒಣ ಮೀನು, ಇಲ್ಲದೆ ಕೊಡಿ ಅಂತ ಮೊದಲೇ ಹೇಳಿ. ಕೆಂದಾಳಿ ಸೀಯಾಳ ಎಲ್ಲ ಕಡೆ ಸಿಗುತ್ತದೆ, ನಲ್ಲಿ ನೀರಿಗಿಂತ ಅದೇ ಕುಡಿಯಿರಿ.

ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಬುದ್ಧನ ಚಿತ್ರದ ಹಚ್ಚೆ ಇದ್ದರೆ ಮುಚ್ಚಿಕೊಳ್ಳಿ. 2014ರಲ್ಲಿ ಅಂಥ ಹಚ್ಚೆ ಇದ್ದ ಬ್ರಿಟಿಷ್ ಮಹಿಳೆಯನ್ನು ವಿಮಾನ ನಿಲ್ದಾಣದಲ್ಲೇ ಹಿಡಿದು, ಆಮೇಲೆ ವಾಪಸ್ ಕಳಿಸಿದ್ದರು. ಜಾಫ್ನಾ ಕಡೆ ಹೋಗುವವರು ಕೆಂಪು ತಲೆಬುರುಡೆಯ ಬೋರ್ಡು ಕಂಡರೆ ರಸ್ತೆ ಬಿಟ್ಟು ಕೆಳಗಿಳಿಯಬೇಡಿ. ಯುದ್ಧದ ಕಾಲದ ನೆಲಬಾಂಬುಗಳನ್ನು ತೆಗೆಯುವ ಕೆಲಸ ಅಲ್ಲಿ ಇನ್ನೂ ಪೂರ್ತಿಯಾಗಿಲ್ಲ.

ಪೇಪರಿನ ಕೆಲಸ ಕಷ್ಟದ್ದಲ್ಲ. ಹೋಗುವ ಮೊದಲು ಇಟಿಎ, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣದ ಅನುಮತಿ, ಬೇಕು. ಸರ್ಕಾರದ ವೆಬ್‌ಸೈಟಿನ ಹಾಗೇ ಕಾಣುವ, ಜಾಸ್ತಿ ದುಡ್ಡು ಕೀಳುವ ಸೈಟುಗಳು ಬಹಳ. ವಿಳಾಸದ ಕೊನೆಗೆ ಗವ್ ಡಾಟ್ ಎಲ್‌ಕೆ ಇದೆಯಾ ನೋಡಿ. ಶುಲ್ಕ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ದಿನದ್ದನ್ನೇ ನಂಬಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ಕಳೆದುಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ಕೊಲಂಬೊದ ಭಾರತೀಯ ಹೈಕಮಿಷನ್. ಕ್ಯಾಂಡಿ, ಜಾಫ್ನಾ, ಹಂಬನ್‌ತೋಟದಲ್ಲೂ ನಮ್ಮ ಕಚೇರಿಗಳಿವೆ. 2024ರಿಂದ ಯುಪಿಐ ನಡೆಯುತ್ತದೆ, ಆದರೆ ಹಳ್ಳಿ ಕಡೆಗೆ ನಗದು ಬೇಕೇ ಬೇಕು. ಪ್ಲಗ್ಗಿಗೆ ಚೌಕ ಕಾಲಿನ ಅಡಾಪ್ಟರ್ ಒಯ್ಯಿರಿ.

ಇನ್ನು ಮಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇಲ್ಲ. ಬೆಂಗಳೂರು, ಚೆನ್ನೈಯಂಥ ಊರಿನ ಮೂಲಕ ಹೋಗಬೇಕು. ಜುಲೈ, ಆಗಸ್ಟ್‌ನಲ್ಲಿ ಟ್ರಿಂಕೋಮಲಿಯ ಬಿಸಿಲಿಗೆ ಹೊರಟವರಿಗೆ ಅಪಾಯ ಇರುವುದು ನಮ್ಮ ಶಿರಾಡಿ ಘಾಟಿಯಲ್ಲಿ. ದೋಣಿಗಲ್ ಹತ್ತಿರ ಮಣ್ಣು ಕುಸಿದರೆ ಬಸ್ಸು ಚಾರ್ಮಾಡಿ ಸುತ್ತಬೇಕು, ಬಜ್ಪೆಯಲ್ಲಿ ಮೋಡ ಕವಿದರೆ ವಿಮಾನ ಬೇರೆಲ್ಲೋ ಇಳಿಯುತ್ತದೆ. ಹಾಗಾಗಿ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ಎರಡು ವಿಮಾನದ ಟಿಕೆಟ್ ಬೇರೆ ಬೇರೆ ಮಾಡಿದ್ದರೆ, ಮೊದಲನೆಯದು ತಡವಾದದ್ದಕ್ಕೆ ಎರಡನೆಯ ಕಂಪನಿಯವರು ಕಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಸಾಧ್ಯವಾದರೆ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿ.