ಸ್ಟ್ಯಾನಿ ಅಂದ್ರೆ ಸ್ಟ್ಯಾನ್ಲಿ ಅಲ್ಲ ಮಾರಾಯ್ರೆ

ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆ: "ಸ್ಟ್ಯಾನಿ ಅಂದ್ರೆ ಸ್ಟ್ಯಾನ್ಲಿಯಾ?" ಅಲ್ಲ, ಸ್ಟ್ಯಾನಿಸ್ಲಾಸ್. ಮಂಗಳೂರು ಕಡೆ ಯಾವ ಇಗರ್ಜಿಗೆ ಹೋದರೂ ಒಬ್ಬ ಸ್ಟ್ಯಾನಿ ಸಿಗುತ್ತಾನೆ. ಕೆಲವರಿಗೆ 18 ತುಂಬುವ ಮೊದಲೇ ರೋಮಿನಲ್ಲಿ ತೀರಿಕೊಂಡ ಜೆಸ್ವಿತ್ ಪಾದ್ರಿಗಳ ಸಂಘ ಸೇರಿದ್ದ ಹುಡುಗ ಸ್ಟ್ಯಾನಿಸ್ಲಾಸ್ ಕೊಸ್ಟ್‌ಕಾನ ಹೆಸರು. ನನ್ನದು ಪೋಲೆಂಡಿನ ಬಿಷಪ್ ಸಂತ ಸ್ಟ್ಯಾನಿಸ್ಲಾಸರದ್ದು. ನಾನು ಹುಟ್ಟಿದ್ದು 1964ರ ಮೇ 7ಕ್ಕೆ, ಅಂದು ಅವರ ಹಬ್ಬ. ಅಪ್ಪ ಕ್ಯಾಲೆಂಡರ್ ನೋಡಿ ಇಟ್ಟರು. 1969ರಲ್ಲಿ ರೋಮಿನವರು ಹಬ್ಬವನ್ನು ಏಪ್ರಿಲ್ 11ಕ್ಕೆ ತಳ್ಳಿದರು. ನನ್ನನ್ನು ಕೇಳಿ ಅಲ್ಲ.

ಇಷ್ಟು ಹೇಳಿದರೆ ಅಕ್ಕನ ಮಗ ಮೊಬೈಲ್ ತೆಗೆಯುತ್ತಾನೆ. "ಮಾಮ, ನಿಮ್ಮ ಸಂತ ರಾಜದ್ರೋಹಿ ಅಂತೆ!"

ಸ್ವಲ್ಪ ಕೆಳಗೂ ಓದು ಮಗಾ. ಇವರು ಪೋಲೆಂಡಿನ ಕ್ರಾಕೋವ್ ಪಟ್ಟಣಕ್ಕೆ ಬಿಷಪ್ ಆದದ್ದು 1072ರಲ್ಲಿ. 1079ರಲ್ಲಿ ರಾಜ ಎರಡನೇ ಬೊಲೆಸ್ಲಾವ್ ಕೊಲ್ಲಿಸಿದ. ಮೂವತ್ತು ಚಿಲ್ಲರೆ ವರ್ಷ ಕಳೆದು ಬರೆದ ಗಾಲಸ್ ಎಂಬ ಚರಿತ್ರೆಕಾರ ಬಿಷಪರನ್ನು ದ್ರೋಹಿ ಎಂದದ್ದು ಹೌದು. ಏನು ದ್ರೋಹ? ಅದನ್ನು ಬರೆಯಲಿಲ್ಲ. ಕೈಕಾಲು ಕಡಿಸಿದ್ದು ರಾಜನಿಗೂ ಶೋಭೆಯಲ್ಲ ಎಂದು ಅವನೇ ಬರೆದಿದ್ದಾನೆ, ಆ ಸಾಲು ಯಾರಿಗೂ ಕಾಣುವುದಿಲ್ಲ. ಇನ್ನೂ ನೂರು ವರ್ಷ ಕಳೆದ ಮೇಲೆ ಕಾದ್ಲೂಬೆಕ್ ಎಂಬ ಬಿಷಪ್ ಬರೆದದ್ದು ಬೇರೆಯೇ: ರಾಜನ ಕ್ರೌರ್ಯವನ್ನು ಖಂಡಿಸಿದ್ದಕ್ಕೆ ರಾಜ ತಾನೇ ಬಂದು ಕಡಿದ. ಕಡಿದವನು ಹಂಗೇರಿಗೆ ಓಡಿಹೋಗಿ ಅಲ್ಲೇ ಸತ್ತ. ಬಿಷಪರು 1253ರಲ್ಲಿ ಸಂತರಾದರು. ಮುಂದೆ ಪೋಲೆಂಡಿನ ರಾಜರು ಪಟ್ಟ ಕಟ್ಟಿಸಿಕೊಳ್ಳುವ ಹಿಂದಿನ ದಿನ ಅವರನ್ನು ಕೊಂದ ಜಾಗಕ್ಕೆ ನಡೆದು ಹೋಗುತ್ತಿದ್ದರು. ಸಾಕಾ?

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪೀಟರ್ ಯಾಕೆ ವಾಪಸ್ ಹೋದ?

ಪೀಟರ್ ಬಿಷಪರಿಗೆ ಜಾಗ ಮಾರಿದವನು. ಅವನು ಸತ್ತ ಮೇಲೆ ಮಕ್ಕಳು ಜಾಗ ನಮ್ಮದು ಎಂದರು. ರಾಜನೂ ಅವರ ಕಡೆ. ಬಿಷಪರು ಮೂರು ದಿನ ವಾಯಿದೆ ಕೇಳಿ, ಪ್ರಾರ್ಥನೆ ಮಾಡಿ, ಸತ್ತು ಮೂರು ವರ್ಷವಾದವನನ್ನು ಗುಂಡಿಯಿಂದ ಎಬ್ಬಿಸಿ ನ್ಯಾಯಸ್ಥಾನಕ್ಕೆ ಕರೆತಂದರಂತೆ. ಅವನು "ದುಡ್ಡು ಬಂದಿದೆ" ಎಂದು ಸಾಕ್ಷಿ ಹೇಳಿ ಮಕ್ಕಳಿಗೆ ಬೈದ. ಇನ್ನು ಸ್ವಲ್ಪ ವರ್ಷ ಬದುಕುತ್ತೀಯಾ ಎಂದರೆ ಬೇಡ ಎಂದು ಗುಂಡಿಗೇ ಹೋದ.

ಕಟ್ಟುಕಥೆ ಅನ್ನಿ, ಬೇಜಾರಿಲ್ಲ. ಅಪ್ಪ ಬಾಯಿಮಾತಿನ ಮೇಲೆ ತೋಟದ ಬದಿಯ 15 ಸೆಂಟ್ಸ್ ತೆಗೆದುಕೊಂಡಿದ್ದರು. ಕೊಟ್ಟವರು ಹೋದ ಮೇಲೆ ಅವರ ಮಕ್ಕಳು ಬೇಲಿ ಕಿತ್ತು "ಕಾಗದ ತೋರಿಸಿ" ಎಂದರು. ದುಡ್ಡು ಎಣಿಸಿ ಕೊಟ್ಟದ್ದನ್ನು ನಾನು ಜಗಲಿಯಲ್ಲಿ ಕೂತು ನೋಡಿದ್ದೇನೆ, ನೋಟುಗಳಿಗೆ ಅಡಿಕೆ ಚೀಲದ ಹಗ್ಗ ಕಟ್ಟಿತ್ತು. ಏಳು ವರ್ಷದವನ ಸಾಕ್ಷಿ ಯಾರಿಗೆ ಬೇಕು? ಕಚೇರಿಯಲ್ಲಿ ಗುಮಾಸ್ತರು ಕನ್ನಡಕ ಏರಿಸಿ ಕೇಳಿದ್ದು ಒಂದೇ ಮಾತು, ಯಾವುದೆಂದು ನಿಮಗೆ ಗೊತ್ತು.

ಈಗ ಅಲ್ಲಿ ಅವರ ಕಾರು ನಿಲ್ಲಿಸುವ ಶೆಡ್ಡಿದೆ. ನನ್ನ ತಕರಾರು ವಜಾ ಆದ ಆದೇಶ ಕಪಾಟಿನಲ್ಲಿದೆ, ಅದರಲ್ಲಿ ನನ್ನ ಹೆಸರು ಸ್ಟ್ಯಾನ್ಲಿ.